ಫೆಮ್ಟೋಸೆಲ್: ಮನೆಯೊಳಗಿನ ಪುಟ್ಟ ಟವರ್ ಮತ್ತು ಅದರ ಭದ್ರತಾ ಲೋಪ

ಮನೆಯೊಳಗೆ ರೇಂಜ್ ಸಿಗದೆ ಫೋನ್ ಹಿಡಿದು ಅಂಗಳಕ್ಕೆ ಓಡುವವರಿಗೆ ‘ಸಿಗ್ನಲ್ ಬಾಕ್ಸ್’ ಮೇಲೆ ಆಸೆ ಸಹಜ. ಆದರೆ ಈ ಹೆಸರಲ್ಲಿ ಎರಡು ಬೇರೆ ಬೇರೆ ಸಾಧನಗಳಿವೆ. ಬೂಸ್ಟರ್ ಹೊರಗಿನ ಸಿಗ್ನಲನ್ನು ಹಿಡಿದು ಜೋರು ಮಾಡುತ್ತದೆ, ಅಷ್ಟೇ. ಒಳಗಿನ ಮಾತು ಅದಕ್ಕೆ ತಿಳಿಯದು. ಫೆಮ್ಟೋಸೆಲ್ ಹಾಗಲ್ಲ. ಅದು ಮೊಬೈಲ್ ಕಂಪೆನಿಯೇ ಕೊಡುವ, ಮನೆಯ ಬ್ರಾಡ್‌ಬ್ಯಾಂಡ್‌ಗೆ ಜೋಡಿಸುವ ಪುಟ್ಟ ಟವರ್.

ಫೋನಿನಿಂದ ಟವರ್‌ಗೆ ಕರೆ ಗೂಢಲಿಪಿಯಲ್ಲಿ ಹೋಗುತ್ತದೆ. ಫೆಮ್ಟೋಸೆಲ್‌ನಲ್ಲಿ ಆ ಬೀಗ ಪೆಟ್ಟಿಗೆಯೊಳಗೇ ತೆರೆಯುತ್ತದೆ. ಮತ್ತೆ ಇನ್ನೊಂದು ಬೀಗ ಹಾಕಿ ಇಂಟರ್ನೆಟ್ ಮೂಲಕ ಕಂಪೆನಿಗೆ ಕಳಿಸುತ್ತದೆ. ಎರಡು ಬೀಗಗಳ ನಡುವೆ ಮಾತು, ಮೆಸೇಜ್ ಎಲ್ಲ ಬಯಲು. ದೊಡ್ಡ ಟವರ್‌ಗೆ ಬೇಲಿಯಾದರೂ ಇದೆ, ಈ ಪೆಟ್ಟಿಗೆ ಇರುವುದು ಯಾರದೋ ಮೇಜಿನ ಮೇಲೆ. ಬಿಚ್ಚಿದರೆ ಕೇಳುವವರಿಲ್ಲ.

2011ರಲ್ಲಿ ಬ್ರಿಟನ್‌ನ ವೊಡಾಫೋನ್ ‘ಶೂರ್ ಸಿಗ್ನಲ್’ ಪೆಟ್ಟಿಗೆಯ ಒಳಹೊಕ್ಕ ಬಗೆಯನ್ನು ‘ದಿ ಹ್ಯಾಕರ್ಸ್ ಚಾಯ್ಸ್’ ಎಂಬ ಗುಂಪು ಬಯಲಿಗಿಟ್ಟಿತು. ಒಳಗಿನ ಮುಖ್ಯ ಪಾಸ್‌ವರ್ಡ್ ‘ನ್ಯೂಸಿಸ್’, ಸುಲಭದಲ್ಲಿ ಊಹಿಸಬಹುದಾದ ಪದ! ಅದನ್ನು 2010ರಲ್ಲೇ ಸರಿಪಡಿಸಿದ್ದೇವೆ ಎಂದಿತು ಕಂಪೆನಿ. 2013ರಲ್ಲಿ ಅಮೆರಿಕದ ಐಸೆಕ್ ಪಾರ್ಟ್‌ನರ್ಸ್ ಸಂಸ್ಥೆಯ ಟಾಮ್ ರಿಟರ್, ಡಗ್ ಡಿಪೆರಿ ಅವರು ವೆರಿಝೋನ್‌ಗಾಗಿ ಸ್ಯಾಮ್‌ಸಂಗ್ ತಯಾರಿಸಿದ ಪೆಟ್ಟಿಗೆಯ ಎಚ್‌ಡಿಎಂಐ ಪೋರ್ಟ್ ಮೂಲಕವೇ ಒಳನುಗ್ಗಿ, ಹತ್ತಿರದ ಫೋನಿನ ಕರೆ, ಮೆಸೇಜ್, ಫೋಟೋ ಹಿಡಿದು ತೋರಿಸಿದರು. ಫೋನಿನ ಮಾಲಕ ಏನೂ ಒತ್ತಬೇಕಿಲ್ಲ. ಗಟ್ಟಿ ಸಿಗ್ನಲ್ ಕಂಡರೆ ಫೋನೇ ಹೋಗಿ ಅಂಟಿಕೊಳ್ಳುತ್ತದೆ. ವೆರಿಝೋನ್ ಆ ಲೋಪ ಮುಚ್ಚಿತು.

ಇದು ಬರೀ ತಜ್ಞರ ಆಟವಾಗಿ ಉಳಿಯಲಿಲ್ಲ. 2025ರಲ್ಲಿ ದಕ್ಷಿಣ ಕೊರಿಯದಲ್ಲಿ ಕಳ್ಳರು ಅಕ್ರಮ ಫೆಮ್ಟೋಸೆಲ್ಲನ್ನು ವಾಹನದಲ್ಲಿಟ್ಟು ಸುತ್ತಿದರು. ಕೆಟಿ ಕಂಪೆನಿಯ ಗ್ರಾಹಕರ ದೃಢೀಕರಣ ಕೋಡ್‌ಗಳನ್ನು ನಡುವೆಯೇ ಹಿಡಿದು ಸಣ್ಣ ಸಣ್ಣ ಪಾವತಿ ಮಾಡಿಕೊಂಡರು. 368 ಮಂದಿಗೆ ಸುಮಾರು 24 ಕೋಟಿ ವಾನ್ ನಷ್ಟ. ಕೆಟಿಯ ಎಲ್ಲ ಪೆಟ್ಟಿಗೆಗಳಲ್ಲೂ ಒಂದೇ ಪ್ರಮಾಣಪತ್ರ, ಅದರ ಅವಧಿ 10 ವರ್ಷ ಎಂಬುದು ತನಿಖೆಯಲ್ಲಿ ಗೊತ್ತಾಯಿತು. ಊರಿನ ಎಲ್ಲ ಅಂಗಡಿಗೂ ಒಂದೇ ಕೀ ಇದ್ದ ಹಾಗೆ.

ಭಾರತದಲ್ಲಿ ಖಾಸಗಿಯವರು ಅನುಮತಿಯಿಲ್ಲದೆ ಬೂಸ್ಟರ್ ಮಾರುವುದು, ಕೂರಿಸುವುದು ಅಪರಾಧ. ಆನ್‌ಲೈನ್‌ನಲ್ಲಿ ಸಿಕ್ಕರೂ ಅಷ್ಟೇ. ಮೊಬೈಲ್ ವ್ಯಾಪಾರಕ್ಕಿಳಿಯುವ ಹುಡುಗರು ಇದನ್ನು ತಿಳಿದಿರಬೇಕು. ರೇಂಜ್ ಇಲ್ಲದ ಮನೆಗೆ ವೈಫೈ ಇದ್ದರೆ ಜಿಯೋ, ಏರ್‌ಟೆಲ್‌ಗಳ ವೈಫೈ ಕಾಲಿಂಗ್ ಸಾಕು. ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿದರಾಯ್ತು. ವಾಟ್ಸಪ್ ಕರೆಯ ಬೀಗ ತೆರೆಯುವುದು ಆಚೆ ತುದಿಯ ಫೋನಿನಲ್ಲೇ, ನಡುವಿನ ಪೆಟ್ಟಿಗೆಯಲ್ಲಲ್ಲ. ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿಗೆ ಆ ರಕ್ಷಣೆ ಇಲ್ಲ. ಹಾಗಾಗಿ ಇಮೇಲ್ ಮತ್ತಿತರ ಖಾತೆಗಳಿಗೆ, ಸೌಲಭ್ಯ ಇರುವಲ್ಲಿ, ಅಥೆಂಟಿಕೇಟರ್ ಆ್ಯಪ್ ಜೋಡಿಸಿಕೊಳ್ಳುವುದು ಮೇಲು.