‘ಬಹುದು’, ‘ತಕ್ಕದ್ದು’ ಮತ್ತು ಚಾಲಕನ ಪರವಾನಗಿ

ಕುಡಿದು ವಾಹನ ನಡೆಸಿದವನ ಪರವಾನಗಿ ಕಿತ್ತುಕೊಳ್ಳುವವರು ಯಾರು? ನ್ಯಾಯಾಲಯ, ಸಾರಿಗೆ ಅಧಿಕಾರಿ ಎಂಬುದು ಕಾನೂನಿನ ಉತ್ತರ. ಆದರೆ ಮೊದಲ ತೀರ್ಮಾನ ರಸ್ತೆಯಲ್ಲಿ ನಿಂತ ಪೊಲೀಸನದು. ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡದಂಥ ಊರಲ್ಲಿ ಪೊಲೀಸನಿಗೂ ಚಾಲಕನಿಗೂ ಮುಖಪರಿಚಯ ಇರುವುದೇ ಹೆಚ್ಚು. ‘ಗಾಡಿ ಇಲ್ಲೇ ಬಿಟ್ಟು ಮನೀಗೆ ಹೋಗು’ ಎನ್ನುವುದೋ, ಕೇಸು ಬರೆಯುವುದೋ? ಈ ವಿವೇಚನೆಗೆ ದೀರ್ಘ ಇತಿಹಾಸವಿದೆ.

1956ರವರೆಗೆ ನಾಲತವಾಡ ಮುಂಬಯಿ ಆಡಳಿತಕ್ಕೆ ಸೇರಿತ್ತು. 1949ರ ಮುಂಬಯಿ ಪಾನನಿರೋಧ ಕಾಯಿದೆಯಡಿ ಪರವಾನಗಿಯಿಲ್ಲದೆ ಕುಡಿಯುವುದೇ ಅಪರಾಧ. ಮೈಸೂರು ರಾಜ್ಯದಲ್ಲಿ ಪಾನನಿರೋಧ ತೆರವಾದದ್ದು 1967ರಲ್ಲಿ. ಅನಂತರ ಪ್ರಶ್ನೆ ಬದಲಾಯಿತು: ಕುಡಿದನೇ ಎಂಬುದಲ್ಲ, ಕುಡಿದು ವಾಹನ ಹಿಡಿದನೇ ಎಂಬುದು.

1939ರ ಮೋಟಾರು ವಾಹನ ಕಾಯಿದೆಯ ಮೂಲರೂಪದಲ್ಲಿ ಅಳತೆಯ ಅಂಕಿಯೇ ಇರಲಿಲ್ಲ. ವಾಹನವನ್ನು ಹತೋಟಿಯಲ್ಲಿ ಇಡಲಾರದಷ್ಟು ಅಮಲು ಏರಿರಬೇಕು, ಅಷ್ಟೇ. ವಾಸನೆ, ತೊದಲು ಮಾತು, ತಡವರಿಸುವ ನಡಿಗೆ ಇವೇ ಗುರುತು. ಅಂಕಿಯ ಮಿತಿ ಹೊರದೇಶಗಳಲ್ಲಿ ಮೊದಲೇ ಬಂದಿತ್ತು. ನಾರ್ವೆ 1936ರಲ್ಲೇ ರಕ್ತದ ಮದ್ಯಸಾರಕ್ಕೆ ಮಿತಿ ವಿಧಿಸಿತು. 1954ರಲ್ಲಿ ಅಮೆರಿಕದ ಬೋರ್ಕೆನ್‌ಸ್ಟೈನ್ ಉಸಿರು ಅಳೆಯುವ ಯಂತ್ರ ರೂಪಿಸಿದರು. ಸುಮಾರು 2100 ಮಿಲಿಲೀಟರ್ ಉಸಿರಿನಲ್ಲಿರುವ ಮದ್ಯಸಾರ 1 ಮಿಲಿಲೀಟರ್ ರಕ್ತದಲ್ಲಿರುವಷ್ಟೇ ಎಂಬ ಲೆಕ್ಕ ಇಂಥ ಯಂತ್ರಗಳಿಗೆ ಆಧಾರ. ನಮ್ಮ 1988ರ ಕಾಯಿದೆ ಮೊದಲು ‘ಎಷ್ಟೇ ಅಲ್ಪವಾದರೂ’ ಅಪರಾಧವೆಂದಿತು. 1994ರ ತಿದ್ದುಪಡಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಎಂಬ ಗಡಿ ಹಾಕಿತು.

ಅಂಕಿ ಬಂದ ಮೇಲೆ ವಿವೇಚನೆ ಮುಗಿಯಿತೇ? ಇಲ್ಲ, ಜಾಗ ಬದಲಿಸಿತು. ಕಾನೂನಿನ ಭಾಷೆಯಲ್ಲಿ ‘ಬಹುದು’ ಬೇರೆ, ‘ತಕ್ಕದ್ದು’ ಬೇರೆ. 203ನೇ ಕಲಮಿನಂತೆ ಸಂಶಯ ಬಂದರೆ ಪೊಲೀಸರು ಉಸಿರು ಪರೀಕ್ಷಿಸಬಹುದು. 185ನೇ ಕಲಮಿನಡಿ ಶಿಕ್ಷೆಯಾದರೆ ನ್ಯಾಯಾಲಯ ಕನಿಷ್ಠ ಆರು ತಿಂಗಳು ಚಾಲಕನನ್ನು ಅನರ್ಹಗೊಳಿಸತಕ್ಕದ್ದು. ಈ ಅಪರಾಧವನ್ನು ಸ್ಥಳದಲ್ಲೇ ದಂಡ ಕಟ್ಟಿಸಿ ಮುಗಿಸುವಂತೆಯೂ ಇಲ್ಲ. ಆದರೆ ಊದಿಸದಿದ್ದರೆ, ಅಥವಾ ಬೇರೆ ಕಲಮು ಬರೆದರೆ, ಆ ‘ತಕ್ಕದ್ದು’ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತುವುದಿಲ್ಲ.

2019ರ ತಿದ್ದುಪಡಿ ಈ ಬಾಗಿಲನ್ನು ಕಿರಿದಾಗಿಸಿತು. ಮೊದಲ ಅಪರಾಧಕ್ಕೆ ದಂಡ 10,000 ರೂಪಾಯಿಗೆ, ಮತ್ತೆ ಮಾಡಿದರೆ 15,000 ರೂಪಾಯಿಗೆ ಏರಿತು. ಅಪರಾಧ ನಡೆದಿದೆಯೆಂದು ನಂಬಲು ಕಾರಣವಿದ್ದರೆ ಪೊಲೀಸರು ಪರವಾನಗಿ ವಶಪಡಿಸಿಕೊಂಡು, ಅನರ್ಹತೆ ಅಥವಾ ರದ್ದತಿಯ ಕ್ರಮಕ್ಕಾಗಿ ಪರವಾನಗಿ ಪ್ರಾಧಿಕಾರಕ್ಕೆ ಕಳಿಸತಕ್ಕದ್ದು ಎಂದೂ ಸೇರಿಸಿತು. ಆದರೂ ‘ನಂಬಲು ಕಾರಣ’ ಉಂಟೋ ಇಲ್ಲವೋ ಎಂಬುದು ಅದೇ ಪೊಲೀಸನ ಕೈಯಲ್ಲೇ ಉಳಿಯಿತು.

ಲಾರಿ ಅಥವಾ ಟ್ರ್ಯಾಕ್ಟರ್ ಚಾಲಕನಿಗೆ ಪರವಾನಗಿಯೇ ಅನ್ನ. ಅದು ಹೋದರೆ ಮನೆಮಂದಿಯೆಲ್ಲ ಉಪವಾಸ ಎಂಬ ಕನಿಕರ ಸುಳ್ಳಲ್ಲ. ಆದರೆ ರಾತ್ರಿ ರಸ್ತೆಯಂಚಿನಲ್ಲಿ ನಡೆದು ಬರುವವನಿಗೂ ಮನೆಮಂದಿ ಇದ್ದಾರೆ. ಕುಡುಕತನವೇ ರೂಢಿಯಾದವನ ಪರವಾನಗಿ ರದ್ದು ಮಾಡುವ ಅಧಿಕಾರ 19ನೇ ಕಲಮಿನಲ್ಲಿದೆ. ಪ್ರತಿ ಸಲವೂ ಬಾಯಿಮಾತಿನಲ್ಲೇ ಬಿಟ್ಟರೆ ರೂಢಿ ಎಂಬುದಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು? ಕಾಗದದ ಮೇಲೆ ಅವನದು ಯಾವಾಗಲೂ ಮೊದಲನೆಯ ತಪ್ಪೇ. ಪೊಲೀಸನ ವಿವೇಚನೆಯನ್ನು ಪೂರ್ತಿ ತೆಗೆದುಹಾಕಲು ಯಾವ ಕಾನೂನಿಗೂ ಆಗದು. ಊದಿಸಿದ ಅಂಕಿಯನ್ನೂ ಕೈಗೊಂಡ ಕ್ರಮವನ್ನೂ ಬರೆದಿಡುವುದನ್ನು ಮಾತ್ರ ವಿವೇಚನೆಗೆ ಬಿಡಬಾರದು.