ಹತ್ತು ಸಾವಿನ ಅಳತೆಗೋಲು

ಪುಣೆಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಊರೆಂದರೆ ಮೊದಲು ನೆನಪಾಗುವುದು ಒಂದು ರಸ್ತೆ. ರಾತ್ರಿ ಸ್ವಾರಗೇಟಿನಲ್ಲಿ ಬಸ್ಸು ಹತ್ತಿದರೆ ಖಂಬಾಟಕಿ ಘಾಟು, ಸಾತಾರಾ, ಕರಾಡ, ಕೊಲ್ಹಾಪುರಗಳು ನಿದ್ದೆಯಲ್ಲಿ ಕಳೆದುಹೋಗುತ್ತವೆ. ನಿಪ್ಪಾಣಿಯ ಹತ್ತಿರ ಅಂಗಡಿಗಳ ಮೇಲೆ ಕನ್ನಡದ ಅಕ್ಷರ ಕಾಣಿಸಿದಾಗ ಎಚ್ಚರವಾಗುತ್ತದೆ. ಹಿಂದೆ ಇದನ್ನು ರಾಷ್ಟ್ರೀಯ ಹೆದ್ದಾರಿ 4 ಎನ್ನುತ್ತಿದ್ದರು; 2010ರ ಮರುಸಂಖ್ಯೆಯ ನಂತರ ಅದು 48 ಆಯಿತು. ನಮ್ಮ ಬಾಯಲ್ಲಿ ಮಾತ್ರ ಅದು ಇಂದಿಗೂ ಪೂನಾ-ಬೆಂಗಳೂರು ರಸ್ತೆಯೇ. ಈ ರಸ್ತೆಯ ಬದಿಯಲ್ಲಿರುವ ಸಣ್ಣ ಊರುಗಳಲ್ಲಿ ಹುಟ್ಟಿ ಬೆಳೆದ ನಾವು, ಆ ಊರುಗಳ ಚರಿತ್ರೆಯನ್ನು ಪೇಟೆ, ಮಠ, ಜಾತ್ರೆಗಳ ಮೂಲಕ ಹೇಳುವುದನ್ನು ಕಲಿತಿದ್ದೇವೆ. ಅಪಘಾತಗಳ ಮೂಲಕವೂ ಹೇಳಬಹುದಾದ ಒಂದು ಚರಿತ್ರೆಯಿದೆ. ಅದನ್ನು ಇಲ್ಲಿ ಸಂಕ್ಷೇಪವಾಗಿ ನೋಡುವ ಉದ್ದೇಶ ನಮ್ಮದು.

ಈ ಚರಿತ್ರೆ ಆರಂಭವಾಗುವುದೂ ಒಂದು ಸಣ್ಣ ಪಟ್ಟಣದಲ್ಲಿಯೇ. ಐರ್ಲೆಂಡಿನ ಬರ್ ಎಂಬ ಊರನ್ನು ಆಗ ಪಾರ್ಸನ್ಸ್‌ಟೌನ್ ಎಂದು ಕರೆಯುತ್ತಿದ್ದರು. 1869ರ ಆಗಸ್ಟ್ 31ರಂದು ಅಲ್ಲಿನ ಇಗರ್ಜಿಯ ಪಕ್ಕದ ತಿರುವಿನಲ್ಲಿ ಒಂದು ಉಗಿಗಾಡಿ ಕುಲುಕಿತು. ಅದರ ಮೇಲೆ ಕುಳಿತಿದ್ದ ಮೇರಿ ವಾರ್ಡ್ ಕೆಳಗೆ ಬಿದ್ದು ಚಕ್ರಕ್ಕೆ ಸಿಕ್ಕಿ ಪ್ರಾಣ ಬಿಟ್ಟರು. ಆಕೆಗೆ ಆಗ 42 ವರ್ಷ. ಸೂಕ್ಷ್ಮದರ್ಶಕದಲ್ಲಿ ಕಂಡ ಲೋಕವನ್ನು ತಾವೇ ಚಿತ್ರಿಸಿ ಪುಸ್ತಕ ಮಾಡಿದ್ದ ವಿದ್ವಾಂಸೆ ಅವರು. ಗಾಡಿ ಅವರ ಬಂಧುಗಳ ಮನೆಯಲ್ಲೇ ತಯಾರಾದದ್ದು. ಅದರ ವೇಗ ಗಂಟೆಗೆ ಸುಮಾರು 6 ಕಿಲೋಮೀಟರ್, ಅಂದರೆ ಬಿರುಸಾಗಿ ನಡೆಯುವ ಮನುಷ್ಯನ ವೇಗ. ಮರುದಿನ ಸೇರಿದ ಪಂಚರು ಇದು ಆಕಸ್ಮಿಕ ಮರಣವೆಂದು ತೀರ್ಮಾನಿಸಿದರು. ಯಂತ್ರಚಾಲಿತ ವಾಹನದಿಂದ ರಸ್ತೆಯಲ್ಲಿ ಸತ್ತವರಲ್ಲಿ ಮೊದಲಿಗರೆಂದು ಮೇರಿ ವಾರ್ಡ್ ಅವರನ್ನು ಸಾಮಾನ್ಯವಾಗಿ ಹೆಸರಿಸುತ್ತಾರೆ. ಆ ತಿರುವಿನ ಬಗೆಗಾಗಲಿ, ಕೂರುವ ಜಾಗಕ್ಕೆ ಆಸರೆ ಇತ್ತೇ ಎಂಬ ಬಗೆಗಾಗಲಿ ಯಾರೂ ಹೆಚ್ಚು ಯೋಚಿಸಿದಂತೆ ಕಾಣುವುದಿಲ್ಲ.

ಆಕಸ್ಮಿಕ ಎಂಬ ಆ ಮಾತು ನೂರೈವತ್ತು ವರ್ಷ ಬಾಳಿತು. ನಮ್ಮ ಊರುಗಳಲ್ಲಿ ಅದಕ್ಕೆ ಹಣೆಬರಹ ಎಂಬ ಹೆಸರು. ಹೆದ್ದಾರಿಯಲ್ಲಿ ಯಾರಾದರೂ ತೀರಿಕೊಂಡ ಸಂಜೆ ಕಟ್ಟೆಯ ಮೇಲೆ ಕೇಳಿಬರುವ ಮಾತುಗಳು ಎರಡೇ: 'ಅವನ ಟೈಮು ಬಂದಿತ್ತು' ಎನ್ನುವುದು ಒಂದು, 'ನೋಡಿಕೊಂಡು ದಾಟಬೇಕಿತ್ತು' ಎನ್ನುವುದು ಇನ್ನೊಂದು. ಮೊದಲನೆಯದು ದೇವರ ಮೇಲೆ ಹೊರೆ ಹಾಕುತ್ತದೆ, ಎರಡನೆಯದು ಸತ್ತವನ ಮೇಲೆ. ರಸ್ತೆಯ ಮೇಲೆ ಹಾಕುವ ಮೂರನೆಯ ಮಾತು ನಮ್ಮ ಬಾಲ್ಯದಲ್ಲಿ ಕಿವಿಗೆ ಬಿದ್ದದ್ದಿಲ್ಲ.

ಕಾನೂನಿನ ದೃಷ್ಟಿಯೂ ಬಹುಕಾಲ ಇದಕ್ಕಿಂತ ಭಿನ್ನವಾಗಿರಲಿಲ್ಲ. ಭಾರತದಲ್ಲಿ ಮೋಟಾರು ವಾಹನಗಳಿಗೆ 1914ರಲ್ಲಿ ಒಂದು ಕಾಯ್ದೆ, 1939ರಲ್ಲಿ ಇನ್ನೊಂದು, 1988ರಲ್ಲಿ ಈಗಿರುವ ಕಾಯ್ದೆ ಬಂದವು. ಚಾಲಕನಿಗೆ ಪರವಾನಗಿ, ವಾಹನಕ್ಕೆ ನೋಂದಣಿ, ವಿಮೆ, ದಂಡ, ಪರಿಹಾರ ಎಲ್ಲವೂ ಅವುಗಳಲ್ಲಿದ್ದವು. ರಸ್ತೆಯನ್ನು ತಪ್ಪಾಗಿ ಕಟ್ಟಿದವರಿಗೆ ದಂಡ ವಿಧಿಸುವ ಮಾತು ಕಾಣಿಸಿಕೊಳ್ಳಲು 2019ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಅದರ ಚರ್ಚೆಗೆ ಮುಂದೆ ಬರೋಣ.

ಈಗ ಅಂಕಿಗಳನ್ನು ನೋಡೋಣ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 1970ರಲ್ಲಿ ದೇಶದಲ್ಲಿ ಸುಮಾರು 1.14 ಲಕ್ಷ ಅಪಘಾತಗಳು ನಡೆದು ಸುಮಾರು 14,500 ಜನ ಸತ್ತರು. 2000ದಲ್ಲಿ 3.91 ಲಕ್ಷ ಅಪಘಾತ, 78,911 ಸಾವು. 2010ರಲ್ಲಿ ಸುಮಾರು 5 ಲಕ್ಷ ಅಪಘಾತ, 1,34,513 ಸಾವು. 2022ರಲ್ಲಿ 4,61,312 ಅಪಘಾತ, 1,68,491 ಸಾವು. ಈ ಅವಧಿಯಲ್ಲಿ ವಾಹನಗಳು ಇನ್ನೂ ವೇಗವಾಗಿ ಬೆಳೆದವು ಎಂಬುದನ್ನು ಮರೆಯಬಾರದು. 1970ರಲ್ಲಿ ಇಡೀ ದೇಶದಲ್ಲಿ ನೋಂದಣಿಯಾಗಿದ್ದ ವಾಹನಗಳು ಸುಮಾರು 14 ಲಕ್ಷ. 2020ರ ಹೊತ್ತಿಗೆ ಅವು 32 ಕೋಟಿ ದಾಟಿದ್ದವು. ಆದ್ದರಿಂದ ವಾಹನವೊಂದರ ಲೆಕ್ಕಕ್ಕೆ ಸಾವು ಕಡಿಮೆಯಾಗಿದೆ ಎನ್ನುವವರ ಮಾತು ಸುಳ್ಳಲ್ಲ.

ಆದರೆ ಅದೇ ಪಟ್ಟಿ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ನೂರು ಅಪಘಾತಗಳಿಗೆ ಎಷ್ಟು ಸಾವು ಎಂದು ಲೆಕ್ಕ ಹಾಕಿದರೆ 1970ರಲ್ಲಿ ಸುಮಾರು 13, 2000ದಲ್ಲಿ 20, 2010ರಲ್ಲಿ 27, 2022ರಲ್ಲಿ 37. 2010ರಿಂದ 2022ರ ನಡುವೆ ಅಪಘಾತಗಳು ಇಳಿದವು, ಸಾವುಗಳು ಏರಿದವು. ಸಣ್ಣಪುಟ್ಟ ಅಪಘಾತಗಳು ಠಾಣೆಯ ಪುಸ್ತಕಕ್ಕೆ ಬರದೇ ಉಳಿಯುವುದು ಇದಕ್ಕೆ ಒಂದು ಕಾರಣವಿರಬಹುದು. ವೇಗ ಇನ್ನೊಂದು ಕಾರಣ. ಗಂಟೆಗೆ 40 ಕಿಲೋಮೀಟರಿನಲ್ಲಿ ಬರುವ ವಾಹನಕ್ಕಿಂತ 80ರಲ್ಲಿ ಬರುವ ಅದೇ ವಾಹನದ ಹೊಡೆತದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಗಾಡಿ 40ರಲ್ಲಿ ಸಾಗುತ್ತಿದ್ದ ಕಾಲದಲ್ಲಿ ಕಾಲು ಮುರಿಯುತ್ತಿದ್ದ ಕಡೆ ಈಗ ಜೀವ ಹೋಗುತ್ತದೆ.

ಈ ಸಾವುಗಳು ಎಲ್ಲಿ ಸಂಭವಿಸುತ್ತವೆ? ಮಹಾನಗರದಲ್ಲಿ ವಾಸಿಸುವ ನಮಗೆ ಟ್ರಾಫಿಕ್ ಎಂದರೆ ನಗರದ ಪೀಡೆ. ಆದರೆ 2022ರ ಸಾವುಗಳಲ್ಲಿ ನೂರಕ್ಕೆ 68 ಗ್ರಾಮೀಣ ಪ್ರದೇಶದವು. ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ನೂರಕ್ಕೆ ಎರಡರಷ್ಟಿರುವ ರಾಷ್ಟ್ರೀಯ ಹೆದ್ದಾರಿಗಳಲ್ಲಿ ನೂರಕ್ಕೆ 36 ಸಾವು. ಸತ್ತವರಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರ ವಾಹನದವರು, 19 ಮಂದಿ ಪಾದಚಾರಿಗಳು. ಈ ಮೂರು ಅಂಕಿಗಳನ್ನು ಒಟ್ಟಿಗೆ ಇಟ್ಟರೆ ನಮಗೆ ಗುರುತಿರುವ ಒಂದು ಚಿತ್ರ ಮೂಡುತ್ತದೆ: ಹೆದ್ದಾರಿ, ಅದರ ಬದಿಯ ಸಣ್ಣ ಊರು, ಮೊಪೆಡ್ಡಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ರಸ್ತೆ ದಾಟಲು ನಿಂತ ಮನುಷ್ಯ.

ಅವನು ಅಲ್ಲಿ ಏಕೆ ನಿಂತಿದ್ದಾನೆ ಎಂಬುದಕ್ಕೂ ಒಂದು ಚರಿತ್ರೆಯಿದೆ. ನಾವು ಚಿಕ್ಕವರಾಗಿದ್ದಾಗ ಪೂನಾ-ಬೆಂಗಳೂರು ರಸ್ತೆ ಹಲವು ಊರುಗಳ ನಡುವೆಯೇ ಹಾಯುತ್ತಿತ್ತು. ಬಸ್ ನಿಲ್ದಾಣ, ಸಂತೆ, ಶಾಲೆ, ಚಹದ ಅಂಗಡಿ ಎಲ್ಲ ಅದರ ಎರಡೂ ದಂಡೆಯಲ್ಲಿ. ಲಾರಿಗಳು ಎತ್ತಿನ ಗಾಡಿಯ ಹಿಂದೆ ತೆವಳಬೇಕಾಗಿತ್ತು. ಊರೇ ಒಂದು ದೊಡ್ಡ ವೇಗತಡೆಯಾಗಿತ್ತು. 1999ರಲ್ಲಿ ಸುವರ್ಣ ಚತುಷ್ಪಥ ಯೋಜನೆಗೆ ಶಂಕುಸ್ಥಾಪನೆಯಾಯಿತು. ದಿಲ್ಲಿ, ಮುಂಬಯಿ, ಚೆನ್ನೈ, ಕೋಲ್ಕತ್ತಾಗಳನ್ನು ಜೋಡಿಸುವ 5,846 ಕಿಲೋಮೀಟರಿನ ಆ ಯೋಜನೆಯ ಮುಂಬಯಿ-ಚೆನ್ನೈ ಭುಜ ನಮ್ಮ ಊರುಗಳ ಮೇಲೆಯೇ ಹಾದುಹೋಯಿತು. ರಸ್ತೆ ನಾಲ್ಕು ಪಥಗಳಾಯಿತು, ನಡುವೆ ವಿಭಜಕ ಬಂತು, ಎಷ್ಟೋ ಊರುಗಳಿಗೆ ಬೈಪಾಸ್ ಬಂತು. ಎದುರುಬದುರಾಗಿ ಬರುವ ಲಾರಿಗಳ ಡಿಕ್ಕಿ ಕಡಿಮೆಯಾಗಲು ವಿಭಜಕಕ್ಕಿಂತ ಒಳ್ಳೆಯ ಉಪಾಯವಿಲ್ಲ. ಪ್ರಯಾಣಿಕರಾಗಿ ನಾವು ಅದರ ಫಲವನ್ನು ಉಂಡವರು. ಊರಿನ ದಾರಿ ಗಂಟೆಗಟ್ಟಲೆ ಹತ್ತಿರವಾಯಿತು.

ಊರಿನವರ ಪಾಲಿಗೆ ಬಂದದ್ದು ಬೇರೆ. ಬೈಪಾಸು ಹೊಲಗಳ ನಡುವೆ ಹಾಯಿತು. ಮನೆ ಒಂದು ಕಡೆ, ಹೊಲ ಇನ್ನೊಂದು ಕಡೆ ಉಳಿಯಿತು. ವ್ಯಾಪಾರ ಹೆದ್ದಾರಿಯ ಬೆನ್ನು ಹತ್ತಿತು; ಹತ್ತು ವರ್ಷಗಳಲ್ಲಿ ಪೆಟ್ರೋಲ್ ಬಂಕು, ಢಾಬಾ, ಕಲ್ಯಾಣ ಮಂಟಪ, ಕಾಲೇಜುಗಳು ಬೈಪಾಸಿನ ಬದಿಗೆ ಬಂದವು. ಊರನ್ನು ತಪ್ಪಿಸಲು ಕಟ್ಟಿದ ರಸ್ತೆಯ ಬಳಿಗೆ ಊರೇ ನಡೆದುಹೋಯಿತು. ಕೆಳಸೇತುವೆ ಎರಡು ಕಿಲೋಮೀಟರ್ ಆಚೆ ಇದ್ದರೆ ಸಂಜೆ ಎಮ್ಮೆ ಕರೆಯಬೇಕಾದವನು ಅಷ್ಟು ಸುತ್ತುವುದಿಲ್ಲ. ವಿಭಜಕದ ಕಲ್ಲು ಕಿತ್ತು ದಾರಿ ಮಾಡಿಕೊಳ್ಳುತ್ತಾನೆ, ಇಲ್ಲವೆ ಎದುರು ದಿಕ್ಕಿನಲ್ಲಿ ಗಾಡಿ ಓಡಿಸುತ್ತಾನೆ. ಇದನ್ನು ಅಶಿಸ್ತು ಎಂದು ಕರೆಯುವುದು ಬಸ್ಸಿನ ಕಿಟಕಿಯಿಂದ ನೋಡುವ ನಮಗೆ ಸುಲಭ. ಕಬ್ಬಿನ ಹಂಗಾಮಿನಲ್ಲಿ ಕೊಲ್ಹಾಪುರದಿಂದ ಸಂಕೇಶ್ವರದವರೆಗೆ ಹಿಂದಿನ ದೀಪವಿಲ್ಲದ ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳೂ, ನೂರರ ವೇಗದ ಕಾರುಗಳೂ ಒಂದೇ ಪಥದಲ್ಲಿ ಸಾಗುತ್ತವೆ. ಎರಡೂ ಬೇಕಾದವೇ. ಎರಡಕ್ಕೂ ಬೇರೆ ಬೇರೆ ದಾರಿ ಮಾಡದಿರುವುದು ಮಾತ್ರ ಹಣೆಬರಹವಲ್ಲ.

ಅರ್ಧ ಕಟ್ಟಿದ ರಸ್ತೆಯ ಬೆಲೆ ಏನೆಂಬುದಕ್ಕೆ ಹುಬ್ಬಳ್ಳಿ-ಧಾರವಾಡ ಬೈಪಾಸು ಸಾಕ್ಷಿ. ಆಚೆ ಈಚೆ ನಾಲ್ಕು ಪಥಗಳಾದ ಹೆದ್ದಾರಿ, ನಡುವಿನ ಸುಮಾರು 30 ಕಿಲೋಮೀಟರ್ ಮಾತ್ರ ವಿಭಜಕವಿಲ್ಲದ ಎರಡು ಪಥವಾಗಿ ವರ್ಷಾನುಗಟ್ಟಲೆ ಉಳಿಯಿತು. 2021ರ ಜನವರಿ 15ರ ಬೆಳಗ್ಗೆ, ಸಂಕ್ರಾಂತಿಯ ಮರುದಿನ, ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಶಾಲಾ ಗೆಳತಿಯರ ವಾಹನಕ್ಕೂ ಟಿಪ್ಪರಿಗೂ ಇಟಿಗಟ್ಟಿಯ ಬಳಿ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಅವರ ಮನೆಯವರು ಶೋಕದ ಜೊತೆಗೆ ರಸ್ತೆಯನ್ನು ಅಗಲ ಮಾಡಿ ಎಂಬ ಬೇಡಿಕೆಯನ್ನೂ ಹೊತ್ತು ಬೀದಿಗೆ ಬಂದರು. 'ನೋಡಿಕೊಂಡು ಹೋಗಬೇಕಿತ್ತು' ಎಂಬ ಮಾತಿಗೆ ಬದಲಾಗಿ ರಸ್ತೆಯ ಮೇಲೆ ಬೆರಳು ತೋರಿದ ಆ ಕುಟುಂಬಗಳನ್ನು ನಮ್ಮ ಭಾಗದ ಚರಿತ್ರೆ ನೆನಪಿಡಬೇಕು. ಮರುವರ್ಷ ಅಗಲೀಕರಣಕ್ಕೆ ಅಡಿಗಲ್ಲು ಬಿತ್ತು.

ದೊಡ್ಡ ಅಪಘಾತಕ್ಕೆ ಪತ್ರಿಕೆಯಿದೆ. ಒಬ್ಬೊಬ್ಬರಾಗಿ ಸಾಯುವ ಊರಿಗೆ ಏನಿದೆ? ನಮಗೆ ಮೂರನೆಯ ಇಯತ್ತೆಯಲ್ಲಿ ಮಗ್ಗಿ ಕಲಿಸಿದ ಮಾಸ್ತರರು ನಿವೃತ್ತಿಯಾದ ಮೇಲೆ ಬೈಪಾಸಿನ ಆಚೆಗಿನ ಎರಡು ಎಕರೆಯನ್ನು ನೋಡಿಕೊಂಡಿದ್ದರು. ಹತ್ತು ವರ್ಷಗಳ ಹಿಂದೆ ಒಂದು ಸಂಜೆ ಮೊಪೆಡ್ ತಳ್ಳಿಕೊಂಡು ದಾಟುವಾಗ ಯಾವುದೋ ವಾಹನ ಹೊಡೆದು ಹೋಯಿತು. ವಾಹನ ಸಿಗಲಿಲ್ಲ. ಇಂಥ ಪ್ರಕರಣಗಳಲ್ಲಿ ಆಗ ಕಾನೂನು ನಿಗದಿ ಮಾಡಿದ್ದ ಪರಿಹಾರ 25,000 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 2 ಲಕ್ಷವಾಗಿದೆ. ಅದೇ ಜಾಗದಲ್ಲಿ ಮೊದಲು ಒಬ್ಬ ಹುಡುಗ ಸತ್ತಿದ್ದ, ನಂತರ ಒಬ್ಬ ತಾಯಿ ಸತ್ತಳು. ಅಲ್ಲಿ ಒಂದು ಕೆಳದಾರಿ ಬೇಕೆಂದು ಊರವರು ಅರ್ಜಿ ಕೊಟ್ಟಾಗ, ಆ ಸ್ಥಳ ಅಪಘಾತ ವಲಯದ ಪಟ್ಟಿಯಲ್ಲಿಲ್ಲ ಎಂಬ ಉತ್ತರ ಬಂತು.

ಸರ್ಕಾರಿ ಕಡತಗಳ ನಡುವೆಯೇ ಜೀವನ ಸವೆಸುತ್ತಿರುವ ನಮಗೆ ಇಂಥ ಉತ್ತರ ಹೊಸದಲ್ಲ. ಅದನ್ನು ಬರೆದವರು ದುಷ್ಟರೆಂದೂ ನಾವು ಭಾವಿಸುವುದಿಲ್ಲ. ಅವರ ಮುಂದೆ ಒಂದು ವ್ಯಾಖ್ಯೆ ಇತ್ತು. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ, ಮೂರು ವರ್ಷಗಳ ಅವಧಿಯಲ್ಲಿ, ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳು ಅಥವಾ 10 ಸಾವುಗಳು ಸಂಭವಿಸಿದ್ದರೆ ಅದು 'ಬ್ಲ್ಯಾಕ್ ಸ್ಪಾಟ್'. ದೇಶದಾದ್ಯಂತ ಯಾವುದನ್ನು ಮೊದಲು ಸರಿಪಡಿಸಬೇಕೆಂದು ಆಯ್ಕೆ ಮಾಡಲು ಇಂಥ ಅಳತೆಗೋಲು ಬೇಕು, ನಿಜ. ಇದರಿಂದ ಸಾವಿರಾರು ಅಪಾಯದ ತಾಣಗಳು ಗುರುತಾಗಿವೆ. ಆದರೆ ಸಣ್ಣ ಊರಿನಲ್ಲಿ ಸಾವು ಒಂದೇ ಕಡೆ ಗುಂಪುಗೂಡುವುದಿಲ್ಲ. ನಾಲ್ಕು ಕಿಲೋಮೀಟರ್ ಬೈಪಾಸಿನ ಏಳು ಕಡೆ ಹಂಚಿಹೋಗುತ್ತದೆ, ಆರು ವರ್ಷಗಳಲ್ಲಿ ಹಂಚಿಹೋಗುತ್ತದೆ. ಅಳತೆಗೋಲಿಗೆ ಊರು ಸುರಕ್ಷಿತವಾಗಿ ಕಾಣುತ್ತದೆ, ಪ್ರತಿ ಓಣಿಯಲ್ಲಿ ಒಂದು ಫೋಟೋಗೆ ಮಾಲೆ ಬಿದ್ದಿರುತ್ತದೆ.

ಸಣ್ಣ ಊರನ್ನು ನಿಯಮಗಳು ಹೇಗೆ ಕಾಣುತ್ತವೆ ಎಂಬುದಕ್ಕೆ ಇನ್ನೊಂದು ಉದಾಹರಣೆ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಆದೇಶಿಸಿತು. 2017ರ ಮಾರ್ಚ್ 31ರಂದು, 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ ಆ ಅಂತರ 220 ಮೀಟರಿಗೆ ಇಳಿಯಿತು. ಇಡೀ ಊರೇ ಹೆದ್ದಾರಿಗೆ ಅಂಟಿಕೊಂಡಿರುವಾಗ 500 ಮೀಟರ್ ಬಿಟ್ಟರೆ ಊರೇ ಮುಗಿದುಹೋಗುತ್ತದೆ ಎಂಬುದು ಅದರ ಹಿಂದಿನ ವಾಸ್ತವ. ಕುಡಿದು ಓಡಿಸುವ ಚಾಲಕನಿಗೆ ಮಾತ್ರ 220 ಮೀಟರ್ ದೊಡ್ಡ ದೂರವಲ್ಲ.

ಆದರೂ ಈ ಚರಿತ್ರೆಯಲ್ಲಿ ಭರವಸೆಯ ಪುಟಗಳಿವೆ. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಮರಣದಂಡನೆಯಾಗದಂತೆ ರಸ್ತೆಯನ್ನು ಕಟ್ಟಬೇಕು ಎಂಬ ತತ್ವವನ್ನು ಸ್ವೀಡನ್ನಿನ ಸಂಸತ್ತು 1997ರಲ್ಲಿ ಒಪ್ಪಿಕೊಂಡಿತು. ದಿಲ್ಲಿಯ ಐಐಟಿಯಲ್ಲಿದ್ದ ದಿನೇಶ್ ಮೋಹನ್ ಅವರಂಥವರು, ನಡೆಯುವವರನ್ನೂ ಸೈಕಲ್ಲಿನವರನ್ನೂ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಮ್ಮ ದೇಶದಲ್ಲಿ ದಶಕಗಳ ಕಾಲ ವಾದಿಸಿದರು. ಗಾಯಾಳುವನ್ನು ಆಸ್ಪತ್ರೆಗೆ ಒಯ್ದವರಿಗೆ ಪೊಲೀಸರ ಕಿರುಕುಳವಾಗಬಾರದೆಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟು 2016ರ ಮಾರ್ಚ್ 30ರಂದು ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಅದೇ ರಕ್ಷಣೆ 134ಎ ಕಲಮಾಗಿ ಬಂತು. ಜೊತೆಗೆ 198ಎ ಎಂಬ ಕಲಮೂ ಬಂತು: ವಿನ್ಯಾಸ, ನಿರ್ಮಾಣ, ನಿರ್ವಹಣೆಯ ನಿಗದಿತ ಮಾನದಂಡ ಪಾಲಿಸದೆ ಸಾವಿಗೆ ಅಥವಾ ಅಂಗವೈಕಲ್ಯಕ್ಕೆ ಕಾರಣವಾದ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ. ಮೊತ್ತ ಸಣ್ಣದು. ಆದರೆ ಬರ್ ಪಟ್ಟಣದ ಪಂಚರು ಕೇಳದ ಪ್ರಶ್ನೆಯನ್ನು ಈ ಕಲಮು ಕೇಳುತ್ತದೆ, ರಸ್ತೆಯೂ ತಪ್ಪು ಮಾಡಬಹುದೆಂದು ಒಪ್ಪಿಕೊಳ್ಳುತ್ತದೆ.

ಹೊರನಾಡಿನಲ್ಲಿರುವ ನಾವು ಊರಿಗೆ ಏನು ಕೊಡಬಲ್ಲೆವು ಎಂಬ ಚರ್ಚೆ ನಮ್ಮ ಕೂಟಗಳಲ್ಲಿ ಆಗಾಗ ಏಳುತ್ತದೆ. ಶಾಲೆಗೆ ಪುಸ್ತಕ, ಗುಡಿಗೆ ಗಂಟೆ ಕೊಟ್ಟಿದ್ದೇವೆ. ಇನ್ನು ಮುಂದೆ ಒಂದು ಸಣ್ಣ ಕೆಲಸವನ್ನೂ ಸೇರಿಸಿಕೊಳ್ಳಬಹುದು. ನಮ್ಮ ನಮ್ಮ ಊರಿನ ಬೈಪಾಸಿನಲ್ಲಿ ಸತ್ತವರ, ಕೈಕಾಲು ಕಳೆದುಕೊಂಡವರ ಪಟ್ಟಿಯನ್ನು ದಿನಾಂಕ, ಜಾಗ, ಹೊತ್ತುಗಳೊಂದಿಗೆ ಹಿರಿಯರನ್ನು ಕೇಳಿ ಬರೆದಿಡುವುದು. ಮೂರು ವರ್ಷ, 500 ಮೀಟರ್ ಎಂಬ ಗಡಿ ನಮ್ಮ ಪಟ್ಟಿಗೆ ಬೇಡ. ಅರ್ಜಿಯ ಜೊತೆ ಅಂಥ ಒಂದು ಪಟ್ಟಿ ಇದ್ದರೆ, ಪಟ್ಟಿಯಲ್ಲಿಲ್ಲ ಎಂದು ಉತ್ತರಿಸುವುದು ಯಾವ ಮೇಜಿನ ಮೇಲೂ ಅಷ್ಟು ಸುಲಭವಾಗದು. ನಮ್ಮ ಊರಿನ ಪಟ್ಟಿಯನ್ನು ಕಳೆದ ದೀಪಾವಳಿಯಲ್ಲಿ ಆರಂಭಿಸಿದ್ದೇವೆ. ಮಾಸ್ತರರ ಮಗಳು ಮೊದಲ ಸಾಲು ಬರೆಸಿದರು. ಸದ್ಯಕ್ಕೆ ಅದರಲ್ಲಿ ಹತ್ತೊಂಬತ್ತು ಹೆಸರುಗಳಿವೆ.