ಮಂಡಕಳ್ಳಿ ವಿಮಾನ ನಿಲ್ದಾಣ

ಮೈಸೂರಿನ ದಕ್ಷಿಣಕ್ಕೆ, ನಂಜನಗೂಡು ರಸ್ತೆಯಲ್ಲಿರುವ ಮಂಡಕಳ್ಳಿ ನಿಲ್ದಾಣವನ್ನು ಮೈಸೂರು ಸಂಸ್ಥಾನ 1940ರಲ್ಲಿ ಕಟ್ಟಿಸಿತು. ಇಲ್ಲಿ ಹಿಂದೊಮ್ಮೆ ತರಬೇತಿ ಹಾರಾಟವೂ ನಡೆಯುತ್ತಿತ್ತು. 1950ರಲ್ಲಿ ಅದು ಕೇಂದ್ರದ ನಾಗರಿಕ ವಿಮಾನಯಾನ ಆಡಳಿತಕ್ಕೆ ಸೇರಿತು. ಇದರ ಚರಿತ್ರೆಯನ್ನು ಪ್ರಯಾಣಿಕ ವಿಮಾನಗಳ ಲೆಕ್ಕದಲ್ಲೇ ಹೇಳುವುದು ರೂಢಿ. ಆ ಲೆಕ್ಕದಲ್ಲಿ ಮಂಡಕಳ್ಳಿಗೆ ಸಿಗುವುದು ಸೋಲುಗಳ ಪಟ್ಟಿ ಮಾತ್ರ: 1980ರ ದಶಕದ ವಾಯುದೂತ ವಿಮಾನ ಸೇವೆ ಬಹುಕಾಲ ನಡೆಯಲಿಲ್ಲ, ನಿಲ್ದಾಣ ನವೀಕರಣಗೊಂಡು 2010ರ ಮೇ 15ರಂದು ಉದ್ಘಾಟನೆಯಾದ ಮೇಲೆ ಅಕ್ಟೋಬರಿನಲ್ಲಿ ಬಂದ ಕಿಂಗ್‌ಫಿಷರ್ ಮರುವರ್ಷವೇ ನಿಂತಿತು, 2013ರಲ್ಲಿ ಸ್ಪೈಸ್‌ಜೆಟ್ ಬಂದು ಹೋಯಿತು. 2017ರಲ್ಲಿ ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಡಿ ಟ್ರೂಜೆಟ್ ಬಂತು. ಉಡಾನ್ ನಷ್ಟ ತುಂಬಿಕೊಡುವುದು ಮೂರು ವರ್ಷ ಮಾತ್ರ. ಆಮೇಲೆ ವಿಮಾನ ತನ್ನ ದುಡಿಮೆಯಲ್ಲೇ ಹಾರಬೇಕು. ಇಷ್ಟನ್ನೇ ನೋಡಿದವರು ನಿಲ್ದಾಣವೇ ದಂಡವೆಂದು ತೀರ್ಮಾನಿಸಿದರೆ ಆಶ್ಚರ್ಯವಿಲ್ಲ.

ಆದರೆ ಆ ತೀರ್ಮಾನ ಅಳತೆಗೋಲನ್ನೇ ತಪ್ಪಾಗಿ ಹಿಡಿದಿದೆ. ಮಂಡಕಳ್ಳಿಯ ರನ್‌ವೇ 1,740 ಮೀಟರ್. ಎಪ್ಪತ್ತು ಆಸನಗಳ ಎಟಿಆರ್ ಇಳಿಯಬಹುದು, ದೊಡ್ಡ ಜೆಟ್‌ಗಳಿಗೆ ಸಾಲದು. ಉದ್ದ ಮಾಡೋಣವೆಂದರೆ ನಂಜನಗೂಡು ಹೆದ್ದಾರಿಯೂ ರೈಲು ಹಳಿಯೂ ಅಡ್ಡ. ಜೆಟ್‌ಗೆ ಗಿಡ್ಡವಾದ ಇದೇ ರನ್‌ವೇ ಎರಡು ಅಥವಾ ನಾಲ್ಕು ಆಸನಗಳ ಕಲಿಕೆ ವಿಮಾನಕ್ಕೆ ಧಾರಾಳ. ವಾಣಿಜ್ಯ ಪೈಲಟ್ ಪರವಾನಗಿಗೆ ನಮ್ಮಲ್ಲಿ 200 ಗಂಟೆಗಳ ಹಾರಾಟ ಬೇಕು. ಆ ಗಂಟೆಗಳಲ್ಲಿ ಒಂದು ಪಾಲು ಏರುವುದು, ಸುತ್ತು ಹೊಡೆಯುವುದು, ಇಳಿಯುವುದು, ಮತ್ತೆ ಏರುವುದು. ಎರಡೆರಡು ನಿಮಿಷಕ್ಕೊಂದು ಜೆಟ್ ಇಳಿಯುವ ಕಡೆ ಕಲಿಯುವವನಿಗೆ ಜಾಗವೆಲ್ಲಿ? ಓರಿಯೆಂಟ್ ಫ್ಲೈಟ್ಸ್ ಅಕಾಡೆಮಿಯ ಪೈಲಟ್ ತರಬೇತಿ ಮಂಡಕಳ್ಳಿಯಲ್ಲಿ ನೆಲೆಯೂರಿದೆ. ವೇಳಾಪಟ್ಟಿಯ ವಿಮಾನಗಳು ಬಂದುಹೋದವು; ಹಿಂದೆ ಇಲ್ಲಿ ನಡೆದ ತರಬೇತಿಯ ಕೆಲಸ ಮಾತ್ರ ಬೇರೆ ರೂಪದಲ್ಲಿ ಮತ್ತೆ ಬಂತು. ಇಂಥ ನೆಲ ಕಳೆದುಕೊಂಡರೆ ಮತ್ತೆ ಸಿಗುವುದು ಕಷ್ಟವೆಂಬುದಕ್ಕೆ ಬೆಂಗಳೂರಿನ ಜಕ್ಕೂರೇ ಸಾಕ್ಷಿ. 1948ರಿಂದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿರುವ ಆ ಬಯಲನ್ನು ನಗರ ಸುತ್ತುವರಿಯಿತು. ಬಳ್ಳಾರಿ ರಸ್ತೆಯ ಮೇಲ್ಸೇತುವೆ ರನ್‌ವೇ ಸಮೀಪದಲ್ಲೇ ಎದ್ದು ಹಾರಾಟಕ್ಕೆ ತೊಡಕಾಯಿತು.

ಆಕ್ಷೇಪಗಳು ಹಗುರವಲ್ಲ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿಯಲ್ಲಿ ಬೆಂಗಳೂರು ಒಂದೂವರೆ ಗಂಟೆಯ ದಾರಿ, ವಿಮಾನವೇಕೆ ಎನ್ನುತ್ತಾರೆ. ಬೆಂಗಳೂರಿಗೆ ಹೋಗುವವರ ಮಟ್ಟಿಗೆ ಅದು ಒಪ್ಪತಕ್ಕದ್ದು. ಆದರೆ ಹೆದ್ದಾರಿ ಪೈಲಟ್‌ಗಳನ್ನು ತಯಾರಿಸದು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಪೈಲಟ್ ತರಬೇತಿಯ ಶುಲ್ಕ ಲಕ್ಷಗಳಲ್ಲಿದೆ, ಸಣ್ಣ ನಿಲ್ದಾಣಗಳಲ್ಲಿ ಬಾಡಿಗೆ ವಿಮಾನ ಹತ್ತುವವರು ಉಳ್ಳವರು, ಅವರ ರನ್‌ವೇಗಾಗಿ ರೈತ ಯಾಕೆ ಹೊಲ ಬಿಡಬೇಕು? ಇದಕ್ಕೆ ಪೂರ್ತಿ ಉತ್ತರವಿಲ್ಲ, ಇದೆಯೆಂದು ನಟಿಸಲೂಬಾರದು. ಸಾರ್ವಜನಿಕ ನೆಲದ ಮೇಲೆ ನಡೆಯುವ ಶಾಲೆಯಲ್ಲಿ ಬಡವರ ಮಕ್ಕಳಿಗೆ ಸರ್ಕಾರದ ಖರ್ಚಿನಲ್ಲಿ ಸೀಟು ಇರಬೇಕೆಂಬುದೇ ನ್ಯಾಯವಾದ ಷರತ್ತು.

ಈ ಚರ್ಚೆ ಮೈಸೂರಿಗಷ್ಟೇ ಸೇರಿದ್ದಲ್ಲ. ಬೆಂಗಳೂರಿನ ಎರಡನೇ ಅಂತಾರಾಷ್ಟ್ರೀಯ ನಿಲ್ದಾಣ ತುಮಕೂರು ಜಿಲ್ಲೆಯ ಶಿರಾ ಕಡೆಗೆ ಬರಲೆಂಬ ಬೇಡಿಕೆ ಎದ್ದಿದೆ. ದೇವನಹಳ್ಳಿ ನಿಲ್ದಾಣದ ಒಪ್ಪಂದ 150 ಕಿ.ಮೀ. ವ್ಯಾಪ್ತಿಯಲ್ಲಿ 2033ರವರೆಗೆ ಪೈಪೋಟಿಯ ನಿಲ್ದಾಣವನ್ನು ತಡೆಯುತ್ತದೆ. ಮೈಸೂರು, ಹಾಸನಗಳಿಗೆ ಮಾತ್ರ ವಿನಾಯಿತಿ. ಅದೇ ಜಿಲ್ಲೆಯ ದೊಡ್ಡೇರಿ, ಮಧುಗಿರಿ, ಕೊರಟಗೆರೆಯ ಸೀಮೆಗೆ ಹತ್ತಿರದ ಮಾದರಿ ಗಡಿಯಾಚೆಯ ಪುಟ್ಟಪರ್ತಿ. ಅಲ್ಲಿ 1990ರಲ್ಲಿ ಸತ್ಯಸಾಯಿ ಟ್ರಸ್ಟ್ ಕಟ್ಟಿದ ನಿಲ್ದಾಣ ಖಾಸಗಿ ವಿಮಾನಗಳಿಗೆ ಬಳಕೆಯಾಗಿದೆ. ಮರುವರ್ಷ ತೆರೆದ ದೊಡ್ಡ ಆಸ್ಪತ್ರೆ ಅದೇ ಊರಿನಲ್ಲಿರುವುದರಿಂದ ರೋಗಿಗಳ ತುರ್ತು ಹಾರಾಟಕ್ಕೂ ಆ ರನ್‌ವೇ ಒದಗಬಹುದು. ಸಾವಿರಾರು ಎಕರೆಯ ಮಹಾನಿಲ್ದಾಣಕ್ಕಿಂತ, ತರಬೇತಿಗೂ ತುರ್ತು ಹಾರಾಟಕ್ಕೂ ಆಗುವ ಒಂದು ಸಣ್ಣ ರನ್‌ವೇ ಈ ಒಣಸೀಮೆಗೆ ಹೊಂದುತ್ತದೆ. ನೆಲದ ಪ್ರಶ್ನೆಗೂ ಇದೇ ಸೀಮೆಯ ಪಾವಗಡ ದಾರಿ ತೋರಿದೆ: ಅಲ್ಲಿ ಸುಮಾರು 13,000 ಎಕರೆಯ ಸೌರಪಾರ್ಕಿಗೆ ರೈತರ ಹೊಲ ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಬಾಡಿಗೆ ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರುತ್ತದೆ, ಪಹಣಿ ರೈತನ ಹೆಸರಿನಲ್ಲೇ ಉಳಿದಿದೆ.